ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಕಾಲೇಜು ತಯಾರಿ ಶಿಬಿರ: ಯಾವಾಗ ನಡೆಸಬೇಕು, ಏನು ಕಲಿಸಬೇಕು?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಶಿಕ್ಷಕಿ. ಕನ್ನಡ ಮಾಧ್ಯಮದ ಶಾಲೆ. ಹತ್ತನೇ ತರಗತಿಯಲ್ಲಿ 58 ಮಕ್ಕಳಿದ್ದಾರೆ, ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಕಳೆದ ವರ್ಷ ಒಳ್ಳೆಯ ಅಂಕ ತೆಗೆದ 11 ಮಕ್ಕಳು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಸೈನ್ಸ್ ಸೇರಿದರು. ದೀಪಾವಳಿ ಹೊತ್ತಿಗೆ ನಾಲ್ವರು ಬಿಟ್ಟಿದ್ದರು. ಪಾಸಾದರೂ ಯಾವ ಕಾಲೇಜಿಗೂ ಸೇರದ ಮಕ್ಕಳೂ ಇದ್ದಾರೆ. ಈ ಸಲ ಹಳೆಯ ವಿದ್ಯಾರ್ಥಿಗಳು ಸೇರಿ 60,000 ರೂಪಾಯಿ ಕೊಡುತ್ತೇವೆ, ರಜೆಯಲ್ಲಿ 15 ದಿನದ ಕಾಲೇಜು ತಯಾರಿ ಶಿಬಿರ ಮಾಡಿ ಎಂದಿದ್ದಾರೆ. ಸ್ಪೋಕನ್ ಇಂಗ್ಲಿಷ್, ಪ್ರಥಮ ಪಿಯುಸಿಯ ಮೊದಲ ಪಾಠಗಳು, ಬೆಂಗಳೂರಿನಿಂದ ಒಬ್ಬ ಪ್ರೇರಣಾ ಭಾಷಣಕಾರರು, ಇಷ್ಟು ಯೋಚಿಸಿದ್ದೇವೆ. ಖಾಸಗಿ ಕಾಲೇಜೊಂದು ತಾನೇ ಉಚಿತವಾಗಿ ವಸತಿ ಶಿಬಿರ ಮಾಡಿಕೊಡುವುದಾಗಿ ಹೇಳಿದೆ. ನಮ್ಮ ಬಿಸಿಲು ನಿಮಗೆ ಗೊತ್ತು. ಹೆಣ್ಣುಮಕ್ಕಳನ್ನು ಕಳಿಸಲು ಪಾಲಕರು ಹಿಂದೇಟು ಹಾಕುತ್ತಾರೆ. ಮಕ್ಕಳಿಗೆ ನಿಜವಾಗಿ ಉಪಯೋಗವಾಗುವಂತೆ ಹೇಗೆ ಮಾಡುವುದು?

ಉತ್ತರ:

ಮೇಡಂ, ಬಿಸಿಲು ಮತ್ತು ಹಣದ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ನೋವುಗಳಿವೆ. ಒಂದು, ಚೆನ್ನಾಗಿ ಓದುತ್ತಿದ್ದ ಮಕ್ಕಳು ಕಾಲೇಜು ಸೇರಿ ಕೆಲವೇ ತಿಂಗಳಲ್ಲಿ ಬಿಟ್ಟದ್ದು. ಇನ್ನೊಂದು, ಪಾಸಾದ ಮಕ್ಕಳು ಕಾಲೇಜಿನ ಬಾಗಿಲನ್ನೇ ತುಳಿಯದೆ ಹೋದದ್ದು. ಇವೆರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ನೀವು ಹಾಕಿಕೊಂಡಿರುವ ಕಾರ್ಯಕ್ರಮ ಮೊದಲನೆಯದನ್ನು ಅರ್ಧ ಮುಟ್ಟುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ಶಿಬಿರ ನಿಗದಿ ಮಾಡುವ ಮುಂಚೆ ಬಿಟ್ಟುಹೋದ ಆ ನಾಲ್ವರ ಮನೆಗೆ ಹೋಗಿ ಬನ್ನಿ. ಯಾಕೆ ಬಿಟ್ಟಿರಿ ಎಂದು ಕೇಳಬೇಡಿ, ಮಕ್ಕಳು ತಲೆ ತಗ್ಗಿಸುತ್ತಾರೆ. ಕಾಲೇಜಿನ ಮೊದಲ ತಿಂಗಳು ಹೇಗಿತ್ತು, ದಿನಾ ಎಷ್ಟು ಗಂಟೆಗೆ ಏಳುತ್ತಿದ್ದೆ, ಯಾವ ಪಾಠದಲ್ಲಿ ಎಲ್ಲ ಕೈತಪ್ಪಿದಂತೆ ಅನಿಸಿತು ಎಂದು ಕೇಳಿ. ಆ ಉತ್ತರಗಳೇ ನಿಮ್ಮ ಶಿಬಿರದ ಅರ್ಧ ಪಠ್ಯ.

ಪಿಯು ಕಾಲೇಜಿನಲ್ಲಿ ಬಹಳ ಕಾಲ ಭೌತಶಾಸ್ತ್ರ ಕಲಿಸಿದವನಾಗಿ ಕಾಲೇಜಿನ ಕಡೆಯ ನೋಟವನ್ನು ಹೇಳುತ್ತೇನೆ. ಕನ್ನಡ ಮಾಧ್ಯಮದಿಂದ ಬಂದು ಜುಲೈ, ಆಗಸ್ಟಿನಲ್ಲಿ ಹಿಂದಿನ ಬೆಂಚಿಗೆ ಸರಿಯುವ ಮಕ್ಕಳಲ್ಲಿ ಬಹುತೇಕರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಎಷ್ಟೋ ಸಲ ಅವರೇ ತಮ್ಮ ಶಾಲೆಗೆ ಮೊದಲಿಗರು. ಹತ್ತು ವರ್ಷ ತರಗತಿಗೆ ಮುಂದಿದ್ದ ಹುಡುಗಿಗೆ ಒಂದೇ ವಾರದಲ್ಲಿ ಏನೂ ಅರ್ಥವಾಗದೆ ಹೋದರೆ, ತಪ್ಪು ತನ್ನದೇ ಎಂದುಕೊಳ್ಳುತ್ತಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಹಬ್ಬಕ್ಕೆಂದು ಊರಿಗೆ ಹೋದವಳು ಮರಳುವುದಿಲ್ಲ.

ಹಾಗಾದರೆ ಏನು ಅರ್ಥವಾಗಲಿಲ್ಲ? ಇಲ್ಲಿಯೇ ಹೆಚ್ಚು ತಪ್ಪು ತಿಳಿವಳಿಕೆ ಇರುವುದು. ಎಲ್ಲರೂ ಇಂಗ್ಲಿಷ್ ಎನ್ನುತ್ತಾರೆ, ಅದಕ್ಕೇ ಸ್ಪೋಕನ್ ಇಂಗ್ಲಿಷ್ ತರಗತಿ ಇಡುತ್ತಾರೆ. ಆದರೆ ತರಗತಿಯಲ್ಲಿ ಮಗು ಇಂಗ್ಲಿಷಿನಲ್ಲಿ ಮಾತಾಡುವ ಪ್ರಸಂಗವೇ ಅಪರೂಪ. ಅದಕ್ಕೆ ಬೇಕಿರುವುದು ಕೇಳಿಸಿಕೊಂಡು ಗುರುತಿಸುವುದು, ಓದಿ ತಿಳಿಯುವುದು, ವೇಗವಾಗಿ ನೋಟ್ಸ್ ಬರೆದುಕೊಳ್ಳುವುದು. ವಕ್ರೀಭವನದ ಚಿತ್ರವನ್ನು ಕಣ್ಣು ಮುಚ್ಚಿ ಬಿಡಿಸುವ ಹುಡುಗನಿಗೆ ಉಪನ್ಯಾಸಕರು ರಿಫ್ರ್ಯಾಕ್ಷನ್ ಎಂದಾಗ ತನಗೆ ಗೊತ್ತಿರುವುದನ್ನೇ ಹೇಳುತ್ತಿದ್ದಾರೆ ಎಂದು ಹೊಳೆಯುವುದಿಲ್ಲ. ವೇಗೋತ್ಕರ್ಷ ಆಕ್ಸೆಲರೇಷನ್ ಆಗುತ್ತದೆ, ಸಂವೇಗ ಮೊಮೆಂಟಮ್ ಆಗುತ್ತದೆ, ವರ್ಗಸಮೀಕರಣ ಕ್ವಾಡ್ರಾಟಿಕ್ ಈಕ್ವೇಷನ್ ಆಗುತ್ತದೆ. ಎಂಟರಿಂದ ಹತ್ತರವರೆಗಿನ ವಿಜ್ಞಾನ, ಗಣಿತ ಪುಸ್ತಕಗಳಲ್ಲಿ ಮಗುವಿಗೆ ಈಗಾಗಲೇ ಗೊತ್ತಿರುವ ಇಂಥ 200, 250 ಪದಗಳ ಪಟ್ಟಿಯನ್ನು ನೀವೇ ಮಾಡಬಹುದು. ಅದರ ಜೊತೆಗೆ ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ಡಿಫೈನ್, ಸ್ಟೇಟ್, ಡಿರೈವ್, ಡಿಸ್ಟಿಂಗ್ವಿಶ್ ಎಂಬ ಪದಗಳು ಯಾವ ರೀತಿಯ ಉತ್ತರ ಬೇಡುತ್ತವೆ ಎಂಬುದನ್ನು ಬರೆಸಿ ಅಭ್ಯಾಸ ಮಾಡಿಸಿ. 15 ದಿನದಲ್ಲಿ ಯಾರಿಗೂ ಇಂಗ್ಲಿಷ್ ಸಂಭಾಷಣೆ ಬರುವುದಿಲ್ಲ, ಬಂದಂತೆ ಕಾಣಿಸಿದರೂ ಜೂನ್ ಕೊನೆಗೆ ಉಳಿದಿರುವುದಿಲ್ಲ. ಈ ಪದಗಳು ಮಾತ್ರ ಮೊದಲ ದಿನದಿಂದಲೇ ಕೈಹಿಡಿಯುತ್ತವೆ.

ಮಕ್ಕಳಿಗೆ ಇನ್ನೊಂದು ನಿಜವನ್ನೂ ಹೇಳಿ, ಧೈರ್ಯ ಬರುತ್ತದೆ. ಪಿಯು ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಸಿಇಟಿ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ, ನೀಟ್ ಪರೀಕ್ಷೆಯನ್ನೂ ಕನ್ನಡದಲ್ಲಿ ಆರಿಸಿಕೊಳ್ಳಬಹುದು. ಆದರೆ ಇದನ್ನೇ ನೆಚ್ಚಿಕೊಂಡು ಸೈನ್ಸ್ ತರಗತಿಯ ಇಂಗ್ಲಿಷಿನಿಂದ ತಪ್ಪಿಸಿಕೊಳ್ಳಬಹುದು ಎಂಬ ಭರವಸೆ ಕೊಡಬೇಡಿ. ಪಾಠ ಬಹುತೇಕ ಕಡೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಮುಂದಿನ ಪದವಿಯೂ ಹಾಗೆಯೇ.

ಈಗ ಪ್ರಥಮ ಪಿಯುಸಿಯ ಪಾಠಗಳನ್ನು ಮುಂಚಿತವಾಗಿ ಕಲಿಸುವ ವಿಚಾರ. ಇದನ್ನು ದಯವಿಟ್ಟು ಕೈಬಿಡಿ. ಜೂನ್‌ನಲ್ಲಿ ಅದೇ ಪಾಠ ಮತ್ತೆ ಬರುತ್ತದೆ. ನೀವು 15 ದಿನದಲ್ಲಿ ಮುಗಿಸುವ ಎರಡು ಅಧ್ಯಾಯಕ್ಕೆ ಕಾಲೇಜಿನವರು ತೆಗೆದುಕೊಳ್ಳುವುದು ಮೂರು ವಾರ. ಮೂರು ವಾರದ ನಂತರ ಮಗು ಎಲ್ಲಿತ್ತೋ ಅಲ್ಲಿಗೇ ಬಂದು ನಿಲ್ಲುತ್ತದೆ. ಗಣಿತ ಶಿಕ್ಷಕಿಯಾಗಿ ನೀವು ಇದಕ್ಕಿಂತ ಬಹಳ ದೊಡ್ಡ ಉಪಕಾರ ಮಾಡಬಹುದು. ಪಿಯು ವಿಜ್ಞಾನಕ್ಕೆ ಈಗ ಎನ್‌ಸಿಇಆರ್‌ಟಿ ಪಠ್ಯವಿದೆ. ಅದರಲ್ಲಿ ಭೌತಶಾಸ್ತ್ರದ ಸರಳರೇಖಾ ಚಲನೆಯ ಪಾಠ ಶುರುವಿನಲ್ಲೇ ಬರುತ್ತದೆ, ಬರುವಾಗಲೇ ಡೆರಿವೇಟಿವ್ (ಬದಲಾವಣೆಯ ದರ) ಬಳಸುತ್ತದೆ. ಗಣಿತದಲ್ಲಿ ಅದೇ ಡೆರಿವೇಟಿವ್ ಬರುವುದು ವರ್ಷದ ಕೊನೆಯ ಅಧ್ಯಾಯಗಳಲ್ಲಿ. ವೆಕ್ಟರ್‌ಗಳು ಭೌತಶಾಸ್ತ್ರದಲ್ಲಿ ಪ್ರಥಮ ಪಿಯುನಲ್ಲೇ ಬೇಕು, ಗಣಿತದ ಪುಸ್ತಕದಲ್ಲಿ ಅವು ಬರುವುದು ದ್ವಿತೀಯ ಪಿಯುನಲ್ಲಿ. ಅಂದರೆ ಗಣಿತದಲ್ಲಿ ಇನ್ನೂ ಕಲಿಯದ್ದನ್ನು ಭೌತಶಾಸ್ತ್ರ ಕೇಳುತ್ತದೆ. ಟ್ಯೂಷನ್‌ಗೆ ಹೋಗುವ ಪಟ್ಟಣದ ಮಗು ಇದನ್ನು ಹೇಗೋ ದಾಟುತ್ತದೆ, ಹಳ್ಳಿಯ ಮಗು ತನಗೇ ಬುದ್ಧಿ ಸಾಲದು ಎಂದುಕೊಳ್ಳುತ್ತದೆ. ರಸಾಯನಶಾಸ್ತ್ರದಲ್ಲಿ ಮೋಲ್ ಲೆಕ್ಕಗಳು ಮೊದಲ ಅಧ್ಯಾಯದಲ್ಲೇ ಬರುತ್ತವೆ. ಅಲ್ಲಿ ಮಕ್ಕಳು ಎಡವುವುದು ರಸಾಯನಕ್ಕೆ ಅಲ್ಲ, ಅನುಪಾತಕ್ಕೆ ಮತ್ತು ಹತ್ತರ ಘಾತಗಳಿಗೆ.

ಆದ್ದರಿಂದ ಸೈನ್ಸ್ ಕಡೆಗೆ ಹೋಗುವ ಮಕ್ಕಳಿಗೆ ನಿಮ್ಮ ಗಣಿತದ ಅವಧಿಯಲ್ಲಿ ಇಷ್ಟೇ ಸಾಕು: ಹತ್ತರ ಘಾತಗಳು, ಸೂತ್ರದಲ್ಲಿ ಬೇಕಾದ ಪದವನ್ನು ಒಂಟಿ ಮಾಡುವುದು, ಸೈನ್ ಮತ್ತು ಕಾಸ್ ಬಳಕೆ, ನಕ್ಷೆಯಲ್ಲಿ ಗೆರೆಯ ಓಟವನ್ನು (ಸ್ಲೋಪ್) ಅಳೆಯುವುದು. ನಕ್ಷೆಯ ಓಟ ಮನಸ್ಸಿಗೆ ಇಳಿದರೆ ಡೆರಿವೇಟಿವ್ ಬಂದಾಗ ಮಗು ಹೆದರುವುದಿಲ್ಲ. ಕಾಮರ್ಸ್‌ಗೆ ಹೋಗುವವರಿಗೆ ಅಕೌಂಟೆನ್ಸಿ ಹೊಸ ವಿಷಯ ಎಂಬ ಹೆದರಿಕೆ ಇರುತ್ತದೆ. ಪ್ರತ್ಯೇಕ ವಿಷಯವಾಗಿ ಅದು ಎಲ್ಲರಿಗೂ ಹೊಸದೇ, ಇಂಗ್ಲಿಷ್ ಮಾಧ್ಯಮದವರಿಗೂ ಹಾಗೆಯೇ ಎಂದು ಹೇಳಿ. ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇಟ್ಟುಕೊಂಡು ಒಂದು ಬೆಳಿಗ್ಗೆ ಜಮೆ, ಖರ್ಚು ಬರೆಸಿದರೆ ಡೆಬಿಟ್, ಕ್ರೆಡಿಟ್ ಬಗ್ಗೆ ಅಂಜಿಕೆ ಹೋಗುತ್ತದೆ.

ನೋಟ್ಸ್ ಬರೆದುಕೊಳ್ಳುವ ಅಭ್ಯಾಸವನ್ನು ಮಾತ್ರ ದಿನವೂ ಇಡಿ. ಶಾಲೆಯಲ್ಲಿ ನಾವು ಹಲಗೆಯ ಮೇಲೆ ಬರೆಯುತ್ತೇವೆ, ಮಕ್ಕಳು ನಕಲು ಮಾಡುತ್ತಾರೆ. ಕಾಲೇಜಿನಲ್ಲಿ ಉಪನ್ಯಾಸಕರು ಹೇಳುತ್ತಾ ಹೋಗುತ್ತಾರೆ. ನಿಮ್ಮ ಶಾಲೆಯಿಂದ ಹೋಗಿ ಈಗ ದ್ವಿತೀಯ ಪಿಯು ಮುಗಿಸಿದ ಒಬ್ಬರನ್ನು ಕರೆಸಿ 20 ನಿಮಿಷ ಕಾಲೇಜಿನ ವೇಗದಲ್ಲೇ ಪಾಠ ಹೇಳಿಸಿ. ಆಮೇಲೆ ಮಕ್ಕಳು ತಮ್ಮ ತಮ್ಮ ಪುಸ್ತಕ ತೆರೆದು ಯಾರು ಏನು ಹಿಡಿದರು, ಏನು ಬಿಟ್ಟರು ಎಂದು ಹೋಲಿಸಿ ನೋಡಲಿ. ಬೆಂಗಳೂರಿನ ಭಾಷಣಕಾರರ ಬದಲು ನಾನು ಹಣ ಹಾಕುವುದು ಇಂಥ ಹಳೆಯ ವಿದ್ಯಾರ್ಥಿಗಳ ಬಸ್ ಚಾರ್ಜಿಗೆ, ಊಟಕ್ಕೆ. ರ‍್ಯಾಂಕ್ ಬಂದವರನ್ನಷ್ಟೇ ಕರೆಯಬೇಡಿ. ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದು ಎದ್ದವರು, ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಬಂದು ಚೆನ್ನಾಗಿರುವವರು, ಐಟಿಐ ಮಾಡಿ ಕೆಲಸ ಹಿಡಿದವರು ಬರಲಿ. ಅದೇ ಬಸ್ಸು, ಅದೇ ಹಾಸ್ಟೆಲ್, ಅದೇ ಉಪನ್ಯಾಸಕರನ್ನು ಕಂಡವರ ಮಾತಿಗೆ ಇರುವ ತೂಕ ಹೊರಗಿನವರ ಎರಡು ಗಂಟೆಯ ಭಾಷಣಕ್ಕೆ ಬರುವುದಿಲ್ಲ.

ಇನ್ನು ಸೇರದೇ ಉಳಿದ ಮಕ್ಕಳು. ಇದು ದಿನಾಂಕಗಳಿಂದ ಹುಟ್ಟುವ ಸಮಸ್ಯೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಏಪ್ರಿಲ್ 4ಕ್ಕೆ ಮುಗಿಯಿತು, ಫಲಿತಾಂಶ ಮೇ 2ಕ್ಕೆ ಬಂತು. ಅದರ ಹಿಂದಿನ ವರ್ಷ ಮೇ 9ಕ್ಕೆ ಬಂದಿತ್ತು. ಪಿಯು ತರಗತಿಗಳು ಶುರುವಾಗುವುದು ಜೂನ್ ಮೊದಲ ವಾರದ ಆಸುಪಾಸು. ಸುಮಾರು ಎರಡು ತಿಂಗಳು ಮಗುವಿಗೆ ಶಾಲೆಯೂ ಇಲ್ಲ, ಕಾಲೇಜೂ ಇಲ್ಲ. ನಿಮ್ಮ ಕಡೆ ಇದೇ ಹೊತ್ತಿಗೆ ಬಸವ ಜಯಂತಿ, ಅಕ್ಷಯ ತೃತೀಯದ ಮದುವೆಗಳು, ದುಡಿಯಲು ಬೆಂಗಳೂರಿಗೆ ಹೋಗುವ ಕುಟುಂಬಗಳು. ಹುಡುಗ ಅಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಹೋಗಿ ಕೈಗೆ ಕೂಲಿ ಬಂದ ಮೇಲೆ ಮರಳಿ ಪುಸ್ತಕ ಹಿಡಿಯುವುದು ಕಷ್ಟ. ಹುಡುಗಿಯ ಮನೆಯಲ್ಲಿ ಮದುವೆಯ ಮಾತುಕತೆ ಶುರುವಾಗಿರುತ್ತದೆ. ಈ ಮಕ್ಕಳಿಗೆ ಬೇಕಾದದ್ದು ಪಾಠವಲ್ಲ, ಶಾಲೆಯ ನಂಟು ಕಡಿಯದಂತೆ ನೋಡಿಕೊಳ್ಳುವವರು.

ಆದ್ದರಿಂದ ನನ್ನ ಮುಖ್ಯ ಸಲಹೆ: 15 ದಿನವನ್ನು ಒಟ್ಟಿಗೆ ಮಾಡಬೇಡಿ, ಫಲಿತಾಂಶದ ಆಚೆ ಈಚೆ ಎರಡಾಗಿ ಒಡೆಯಿರಿ. ಏಪ್ರಿಲ್ ಎರಡನೇ ವಾರದಿಂದ ಏಳೆಂಟು ದಿನ, ಫಲಿತಾಂಶದ ಮರುದಿನದಿಂದ ನಾಲ್ಕೈದು ದಿನ. ಉಳಿದದ್ದನ್ನು ಜೂನ್ ನಂತರಕ್ಕೆ ಇಟ್ಟುಕೊಳ್ಳಿ.

ಏಪ್ರಿಲ್ ಭಾಗಕ್ಕೆ ಎಲ್ಲ 58 ಮಕ್ಕಳನ್ನೂ ಕರೆಯಿರಿ. ಫೇಲಾಗುತ್ತೇನೆ ಎಂದುಕೊಂಡಿರುವವರೂ ಬರಲಿ. ಜಾಣರಿಗೆ ಮಾತ್ರ ಶಿಬಿರ ಎಂದಾದರೆ ಉಳಿದವರಿಗೆ ನೀವು ಫಲಿತಾಂಶಕ್ಕೆ ಮುಂಚೆಯೇ ತೀರ್ಪು ಕೊಟ್ಟಂತಾಗುತ್ತದೆ. ಪರೀಕ್ಷೆ ಮುಗಿಯುವ ಮುಂಚೆಯೇ ಪ್ರತಿ ಮಗುವಿನ ಮನೆಯ ಎರಡು ಫೋನ್ ನಂಬರ್ ಬರೆದುಕೊಳ್ಳಿ, ಒಂದು ಅಕ್ಕಪಕ್ಕದವರದ್ದಾಗಿರಲಿ. ಯಾರ ಮನೆಯಲ್ಲಾದರೂ 18 ತುಂಬದ ಹುಡುಗಿಯ ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲು ತಡ ಮಾಡಬೇಡಿ. ನೀವೊಬ್ಬರೇ ಮನೆಯವರ ಎದುರು ನಿಲ್ಲುವ ಅಗತ್ಯವಿಲ್ಲ.

ಫಲಿತಾಂಶದ ನಂತರದ ಭಾಗ ಮೂರು ಕೆಲಸಕ್ಕೆ: ನಿರ್ಧಾರ, ದಾಖಲೆ, ಮತ್ತು ಪಾಸಾಗದವರ ಜೊತೆ ನಿಲ್ಲುವುದು. ಕೊನೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಕ್ಕೆ ಸಮಯವೇ ಇರುವುದಿಲ್ಲ. 2025ರಲ್ಲಿ ಪಾಸಾಗದವರು ಮತ್ತೆ ಬರೆಯುವ ಪರೀಕ್ಷೆ-2 ಮೇ 26ಕ್ಕೇ ಶುರುವಾಯಿತು. ನೋಂದಣಿಗೆ ಸಿಗುವುದು ಕೆಲವೇ ದಿನ. ಫಲಿತಾಂಶದ ದಿನ ಶಿಕ್ಷಕರು ಪಾಸಾದವರಿಗೆ ಸಿಹಿ ಹಂಚುವುದರಲ್ಲಿ ಇರುತ್ತಾರೆ. ಆ ದಿನ ಸಂಜೆಯೊಳಗೆ ನಿಮ್ಮಲ್ಲಿ ಇಬ್ಬರು ಪಾಸಾಗದ ಮಕ್ಕಳ ಮನೆಗೆ ಹೋಗಲೇಬೇಕು, ಮರುದಿನವೇ ಅವರನ್ನು ಶಾಲೆಗೆ ಕರೆಸಿ ಅರ್ಜಿ ಹಾಕಿಸಬೇಕು. ತೀರಾ ಕುಗ್ಗಿದ ಮಗುವಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು ಎಂದು ಮನೆಯವರಿಗೆ ಬರೆದುಕೊಡಿ.

ನಿರ್ಧಾರದ ವಿಷಯದಲ್ಲಿ ಎರಡು ಹಳೆಯ ನಂಬಿಕೆಗಳು ಮಕ್ಕಳಿಗೆ ಹಾನಿ ಮಾಡುತ್ತಿವೆ. ಅಂಕ ಬಂದರೆ ಸೈನ್ಸ್, ಇಲ್ಲದಿದ್ದರೆ ಆರ್ಟ್ಸ್ ಎಂಬುದು ಒಂದು. ಸೈನ್ಸ್ ಓದಿದರೆ ಮುಂದೆ ಯಾವ ಕಡೆಗಾದರೂ ಹೋಗಬಹುದು ಎಂಬುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ನಿಜವಿದೆ, ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿದವರು ಬಿಎ, ಬಿಕಾಂಗೂ ಹೋಗಬಹುದು. ಆದರೆ ಆಸಕ್ತಿಯಿಲ್ಲದೆ ಎರಡು ವರ್ಷ ತಿಣುಕಿ ಪಿಯುನಲ್ಲೇ ನಿಂತುಹೋದ ಮಗುವಿಗೆ ಯಾವ ದಾರಿಯೂ ತೆರೆದಿರುವುದಿಲ್ಲ. ಸರ್ಕಾರಿ ಕೆಲಸ, ಶಿಕ್ಷಕ ವೃತ್ತಿ, ಕಾನೂನಿನ ಕನಸಿರುವ ಹುಡುಗಿಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಎಚ್‌ಇಪಿಎಸ್ ಅತ್ಯುತ್ತಮ ಆಯ್ಕೆ, ಸೋಲಲ್ಲ. ಹತ್ತನೇ ತರಗತಿಯ ನಂತರ ನೇರವಾಗಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರುತ್ತಾರೆ. ಬೇಗ ದುಡಿಮೆ ಬೇಕಾದ ಮನೆಗೆ ಐಟಿಐ ಇದೆ. ಇವುಗಳ ಪ್ರವೇಶ ಪ್ರಕಟಣೆ ಫಲಿತಾಂಶದ ಹಿಂದೆಯೇ ಬರುತ್ತದೆ, ಪಿಯು ಸೇರಿಸಿ ಆಮೇಲೆ ಯೋಚಿಸೋಣ ಎನ್ನುವಷ್ಟರಲ್ಲಿ ದಿನ ಮುಗಿದಿರುತ್ತದೆ. ಪ್ರತಿ ಮಗು ಮತ್ತು ಪಾಲಕರೊಡನೆ ಬೇರೆಯಾಗಿ ಅರ್ಧ ಗಂಟೆ ಕೂತು ಮಾತಾಡಿ. ನಿರ್ಧಾರ ನೀವು ಮಾಡಬೇಡಿ, ಪ್ರತಿ ದಾರಿಯ ಖರ್ಚು, ವರ್ಷ, ಬಸ್ಸು, ಹಾಸ್ಟೆಲ್ ಏನು ಎಂದು ಎದುರಿಗಿಡಿ.

ದಾಖಲೆಗಳ ಕೆಲಸ ಬೇಸರದ್ದು, ಆದರೆ ಎಷ್ಟೋ ವಿದ್ಯಾರ್ಥಿವೇತನ ನಿಲ್ಲುವುದು ಇಲ್ಲಿಯೇ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ರಜೆಯಲ್ಲೇ ಸರಿಮಾಡಿಸಿ. ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ, ವಿದ್ಯಾರ್ಥಿವೇತನದ ಸರ್ಕಾರಿ ಜಾಲತಾಣ ಎಸ್‌ಎಸ್‌ಪಿ ಮೂಲಕ ಬರುವ ಹಣ ಆ ಖಾತೆಗೇ ಬರಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಗಮನಿಸಿ. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯಿಂದ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಸಹಿ ಹಾಕಿಸಿ ಈಗಲೇ ಕೊಡಿ. ಎರಡು ವರ್ಷದ ನಂತರ ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಸಿಗುವುದು ಇವುಗಳಿಂದ. ನಿಮ್ಮ ಜಿಲ್ಲೆಗೆ ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿ ಸೌಲಭ್ಯವೂ ಇದೆ, ಉಪವಿಭಾಗಾಧಿಕಾರಿ ಕಚೇರಿಯಿಂದ ಆ ಪ್ರಮಾಣಪತ್ರ ಪಡೆಯುವ ಕ್ರಮವನ್ನು ಪಾಲಕರಿಗೆ ವಿವರಿಸಿ. ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಯಾವಾಗ ಎಂದು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿಡಿ.

ಎಲ್ಲಿ, ಹೇಗೆ ನಡೆಸುವುದು ಎಂಬುದಕ್ಕೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಖಾಸಗಿ ಕಾಲೇಜಿನ ಉಚಿತ ವಸತಿ ಶಿಬಿರದಲ್ಲಿ ನಿಮಗೆ ಖರ್ಚಿಲ್ಲ, ಊಟ, ಪ್ರಯೋಗಾಲಯ ಎಲ್ಲ ಸಿಗಬಹುದು. ಆದರೆ ಅವರಿಗೆ ಬೇಕಾಗಿರುವುದು ನಿಮ್ಮ ಮೊದಲ ಹತ್ತು ಮಕ್ಕಳು. ಅಲ್ಲಿ ಆರ್ಟ್ಸ್, ಪಾಲಿಟೆಕ್ನಿಕ್, ಸರ್ಕಾರಿ ಕಾಲೇಜಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಶಿಬಿರ ಮುಗಿಯುವ ದಿನ ಪಾಲಕರ ಕೈಗೆ ಕೋಚಿಂಗ್ ಸಹಿತ ಪ್ಯಾಕೇಜಿನ ಅರ್ಜಿ ಬರುತ್ತದೆ, ಮೊದಲ ವರ್ಷ ರಿಯಾಯಿತಿ ಕೊಟ್ಟು ಎರಡನೇ ವರ್ಷ ಶುಲ್ಕ ಏರಿಸಿದಾಗ ಹೊಲ ಅಡವಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅವರ ಉಪನ್ಯಾಸಕರು ಒಂದು ದಿನ ನಿಮ್ಮ ಶಾಲೆಗೆ ಬಂದು ಪಾಠ ಮಾಡಿದರೆ ಸ್ವಾಗತಿಸಿ. ಮಕ್ಕಳ ಹೆಸರು, ಫೋನ್ ನಂಬರಿನ ಪಟ್ಟಿಯನ್ನು ಮಾತ್ರ ಯಾರಿಗೂ ಕೊಡಬೇಡಿ.

ನೀವೇ ವಸತಿ ಶಿಬಿರ ಮಾಡಿದರೆ ಮಕ್ಕಳು ಹಾಸ್ಟೆಲ್ ಜೀವನಕ್ಕೆ ಒಗ್ಗುತ್ತಾರೆ ಎಂಬುದು ನಿಜ. ಆದರೆ 60,000 ರೂಪಾಯಿ ಊಟಕ್ಕೇ ಸಾಲದು, ಹೆಣ್ಣುಮಕ್ಕಳಲ್ಲಿ ಅರ್ಧದಷ್ಟೂ ಬರುವುದಿಲ್ಲ. ರಾತ್ರಿ ಉಳಿಯುವ ಶಿಕ್ಷಕಿಯರು, ಶೌಚಾಲಯ, ನೀರು, ಏನಾದರೂ ಆದರೆ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಗಟ್ಟಿ ಉತ್ತರವಿಲ್ಲದೆ ಅದಕ್ಕೆ ಕೈಹಾಕಬಾರದು.

ನಾನು ಹೇಳುವುದು ಮೂರನೆಯದು, ನಿಮ್ಮ ಶಾಲೆಯಲ್ಲೇ ಬೆಳಗಿನ ಶಿಬಿರ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೀವು ಏಳಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮಕ್ಕಳನ್ನು ಮನೆಗೆ ಕಳಿಸಿ. ಬಂದ ಕೂಡಲೇ ತಿಂಡಿ, ಮಧ್ಯೆ ಮಜ್ಜಿಗೆ, ಕೊಠಡಿಯಲ್ಲಿ ಓಆರ್‌ಎಸ್ ಪೊಟ್ಟಣ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು, ಬಿಇಒ ಅನುಮತಿ, ಪಾಲಕರ ಸಹಿ ಮೂರನ್ನೂ ಕಾಗದದಲ್ಲಿ ಪಡೆಯಿರಿ. ಇದರಲ್ಲಿರುವ ಅಪಾಯ ಒಂದೇ: ಮಕ್ಕಳು ಮನೆಗೆಲಸ, ಹೊಲಗೆಲಸಕ್ಕೆಂದು ತಪ್ಪಿಸುತ್ತಾರೆ. ಅದಕ್ಕೇ ಬೆಳಗಿನ ಹೊತ್ತು ಚಿಕ್ಕದಾಗಿರಬೇಕು, ಬಾರದ ಮಗುವಿನ ಮನೆಗೆ ಅಂದೇ ಯಾರಾದರೂ ಹೋಗಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರ ಜೊತೆ ಮಾತಾಡಿ, ಶಾಲೆಗೆ ಕರೆಸಬೇಡಿ, ನೀವೇ ಹೋಗಿ. ಶಕ್ತಿ ಯೋಜನೆ ಬಂದ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ. ಮನೆಯವರ ಆತಂಕ ಬೇರೆಯೇ ಇದೆ: "ಸಂಜಿ ಬಸ್ ತಪ್ಪಿದ್ರ ಹುಡುಗಿ ಎಲ್ಲಿ ನಿಲ್ತಾಳ್ರಿ ಟೀಚರ?" ಈ ಪ್ರಶ್ನೆಗೆ ಉಪದೇಶ ಉತ್ತರವಾಗದು. ಒಂದೇ ಊರಿನ ನಾಲ್ಕೈದು ಹುಡುಗಿಯರು ಒಂದೇ ಕಾಲೇಜು ಸೇರುವಂತೆ ಮನೆಯವರನ್ನು ಒಟ್ಟಿಗೆ ಕೂರಿಸಿ. ಯಾವ ಊರಿನಿಂದ ಎಷ್ಟು ಮಕ್ಕಳು, ಕಾಲೇಜು ಎಷ್ಟಕ್ಕೆ ಬಿಡುತ್ತದೆ ಎಂದು ಬರೆದು ಪಂಚಾಯಿತಿಯ ಮೂಲಕ ಸಾರಿಗೆ ಡಿಪೊಗೆ ಮೇ ತಿಂಗಳಲ್ಲೇ ಮನವಿ ಕೊಡಿ. ಎರಡನೇ ಭಾಗದಲ್ಲಿ ಒಂದು ದಿನ ಮಕ್ಕಳನ್ನೂ ಐದಾರು ತಾಯಂದಿರನ್ನೂ ಅದೇ ಬಸ್ಸಿನಲ್ಲಿ ಕಾಲೇಜಿಗೆ ಕರೆದೊಯ್ಯಿರಿ. ಪ್ರವೇಶದ ಕಾಲವಾದ್ದರಿಂದ ಕಚೇರಿ ತೆರೆದಿರುತ್ತದೆ. ಪ್ರಾಚಾರ್ಯರನ್ನು ಕಾಣಲಿ, ತರಗತಿ, ಶೌಚಾಲಯ, ಹಾಸ್ಟೆಲ್ ನೋಡಲಿ, ಹಾಸ್ಟೆಲ್ ವಾರ್ಡನ್ ನಂಬರ್ ಬರೆದುಕೊಳ್ಳಲಿ.

ಹಣವನ್ನು ಪೂರ್ತಿ ಮೇ ತಿಂಗಳಲ್ಲೇ ಖರ್ಚು ಮಾಡಬೇಡಿ. ತಿಂಡಿ, ಜೆರಾಕ್ಸ್, ಹಳೆಯ ವಿದ್ಯಾರ್ಥಿಗಳ ಓಡಾಟ, ಕಾಲೇಜು ಭೇಟಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಉಳಿದದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ಗೆ ಎತ್ತಿಡಿ. ಒಬ್ಬ ಶಿಕ್ಷಕ ಅಥವಾ ಹಳೆಯ ವಿದ್ಯಾರ್ಥಿಗೆ ಏಳೆಂಟು ಮಕ್ಕಳನ್ನು ವಹಿಸಿ, ವಾರಕ್ಕೊಮ್ಮೆ ಫೋನ್ ಮಾಡಲಿ, ತಿಂಗಳಿಗೊಂದು ಭಾನುವಾರ ಎಲ್ಲರೂ ಶಾಲೆಯಲ್ಲಿ ಸೇರಲಿ. ಆರಿಸಿದ ವಿಷಯಗಳ ಕಾಂಬಿನೇಷನ್ ತಪ್ಪಾಯಿತು ಎನಿಸಿದ ಮಗು ಮೊದಲ ಕೆಲವು ವಾರಗಳಲ್ಲೇ ಪ್ರಾಚಾರ್ಯರನ್ನು ಕಂಡರೆ ಬದಲಾಯಿಸಿಕೊಳ್ಳಲು ದಾರಿ ಇರುತ್ತದೆ, ತಡವಾದರೆ ವರ್ಷವೇ ಹೋಗುತ್ತದೆ. ಹಾಜರಾತಿ ಶೇ. 75 ಇರಬೇಕು ಎಂಬುದನ್ನು ಜೂನ್‌ನಲ್ಲೇ ಮನೆಯವರಿಗೂ ಹೇಳಿಡಿ, ಬಿತ್ತನೆ ಕಾಲದಲ್ಲಿ ಹದಿನೈದು ದಿನ ಉಳಿಸಿಕೊಂಡರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಮೊದಲ ಕಿರುಪರೀಕ್ಷೆಯ ಅಂಕ ಬಂದ ವಾರ ಯಾರ ಫೋನೂ ತಪ್ಪಬಾರದು. ಕಡಿಮೆ ಅಂಕ ಬಂದ ಮಗುವಿಗೆ ಪುಸ್ತಕ, ಎರಡು ಭಾನುವಾರದ ಪಾಠ, ಬೇಕಾದರೆ ಬಸ್ ಚಾರ್ಜು, ಎತ್ತಿಟ್ಟ ಹಣದಿಂದ ಕೂಡಲೇ ಕೊಡಿ.